ಒಂದು ಬೈಕು, ಎರಡು ಬಾಯಾರಿಕೆ: ನೀರಿನ ವ್ಯವಸ್ಥೆಗಳನ್ನು ಬಳಸಿ ನೋಡಿದ ಹೋಲಿಕೆ

ದೂರದ ಬೈಕ್ ಪ್ರಯಾಣದಲ್ಲಿ ನೀರು ಕುಡಿಯುವ ಬಗ್ಗೆ ಸಿಗುವ ಸಲಹೆಗಳು ಹೆಚ್ಚುಕಡಿಮೆ ಎಲ್ಲವೂ ಒಂಟಿ ಸವಾರರಿಗಾಗಿ ಹೇಳಿದವು. ಬೆನ್ನಿಗೆ ನೀರಿನ ಚೀಲ ಹಾಕಿಕೊಳ್ಳಿ, ಹಿಂದಿನ ಸೀಟಿಗೆ ದೊಡ್ಡ ಜಗ್ ಕಟ್ಟಿಕೊಳ್ಳಿ, ಬಾಯಾರಿದಾಗ ನಿಲ್ಲಿಸಿ. ಹಿಂದೆ ಇನ್ನೊಬ್ಬರು ಹತ್ತಿ ಕೂತರೆ ಈ ಮೂರೂ ಕೈಕೊಡುತ್ತವೆ. ಬೆನ್ನಿನ ಚೀಲ ಹಿಂದಿನವರ ಎದೆಗೆ ಒತ್ತುತ್ತದೆ, ಹಿಂದಿನ ಸೀಟು ಖಾಲಿ ಇರುವುದಿಲ್ಲ, ಇನ್ನು ಬಾಯಾರಿದಾಗ ನಿಲ್ಲಿಸಿ ಎಂದರೆ ಯಾರಿಗೆ ಬಾಯಾರಿದಾಗ ಎಂದು ಕೇಳಬೇಕಾಗುತ್ತದೆ.

ನಾನು, ನನ್ನ ಯಜಮಾನರು ಇಬ್ಬರೂ ಬೈಕ್ ಓಡಿಸುತ್ತೇವೆ. ದೂರ ಹೊರಟರೆ ಒಂದಷ್ಟು ದಾರಿ ಇವರು, ಒಂದಷ್ಟು ದಾರಿ ನಾನು. ಹಾಗಾಗಿ ಹ್ಯಾಂಡಲ್ ಹಿಡಿದವರ ನೀರಡಿಕೆ ಹೇಗಿರುತ್ತದೆ, ಹಿಂದೆ ಕೂತವರದ್ದು ಹೇಗಿರುತ್ತದೆ ಎರಡೂ ಗೊತ್ತು. ಬಾಟಲಿ, ಸವಾರರ ಬೆನ್ನಿನ ಚೀಲ, ಹಿಂಬದಿಯವರ ಬೆನ್ನಿನ ಚೀಲ, ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸುವ ಟ್ಯಾಂಕ್ ಬ್ಯಾಗಿನ ಚೀಲ, ದೊಡ್ಡ ಜಗ್, ಕೊನೆಗೆ ಇಬ್ಬರಿಗೂ ಬೇರೆಬೇರೆ ಚೀಲ ಎಲ್ಲವನ್ನೂ ಇಬ್ಬರೂ ಎರಡೂ ಸೀಟಿನಲ್ಲಿ ಕೂತು ಬಳಸಿದ್ದೇವೆ. ಅವುಗಳಲ್ಲಿ ಗೆದ್ದದ್ದು ಯಾವುದು ಎಂದು ಮೊದಲೇ ಹೇಳಿಬಿಡುತ್ತೇನೆ: ಇಬ್ಬರಿಗೂ ಬೇರೆಬೇರೆ ನೀರು, ಇಬ್ಬರ ಬಾಯಿಗೂ ಬೇರೆಬೇರೆ ನಳಿಕೆ, ಜೊತೆಗೆ ಸೀಟಿನ ಹಿಂದಿನ ಸಾಮಾನು ಪೆಟ್ಟಿಗೆಯಲ್ಲೊಂದು ಫ್ಲಾಸ್ಕ್. ಎಷ್ಟು ಲೀಟರ್ ಹೊತ್ತೊಯ್ಯುತ್ತೇವೆ ಎನ್ನುವುದು ಆಮೇಲಿನ ಮಾತು. ಹಿಂದೆ ಕೂತವರು ಯಾರನ್ನೂ ಕೇಳದೆ, ಯಾರಿಗೂ ಹೇಳದೆ, ಬೇಕೆನಿಸಿದಾಗ ಒಂದು ಗುಟುಕು ಕುಡಿಯಲು ಆಗುತ್ತದೆಯೇ? ನನ್ನ ಮಟ್ಟಿಗೆ ಇಡೀ ಹೋಲಿಕೆ ನಿಂತಿರುವುದು ಈ ಪ್ರಶ್ನೆಯ ಮೇಲೆ.

ಗಾಳಿ ಬೆವರನ್ನು ಬಚ್ಚಿಡುತ್ತದೆ

ಬೈಕಿನ ಮೇಲೆ ಮೈ ಎಷ್ಟು ನೀರು ಕಳೆದುಕೊಳ್ಳುತ್ತಿದೆ ಎಂಬುದು ಕಣ್ಣಿಗೆ ಬೀಳುವುದಿಲ್ಲ. ನಡೆದರೆ, ಓಡಿದರೆ ಬೆವರು ಇಳಿಯುತ್ತದೆ, ಅಂಗಿ ಅಂಟಿಕೊಳ್ಳುತ್ತದೆ. ಎಂಬತ್ತು ಕಿಲೋಮೀಟರ್ ವೇಗದ ಗಾಳಿಯಲ್ಲಿ ಬೆವರು ಹುಟ್ಟಿದಲ್ಲೇ ಆರಿಹೋಗುತ್ತದೆ. ಚರ್ಮ ಒಣಗಿಯೇ ಇರುತ್ತದೆ, ನಾನೇನೂ ಬೆವರುತ್ತಿಲ್ಲವಲ್ಲ ಅನಿಸುತ್ತದೆ. ಬಿಸಿಲಲ್ಲಿ ಮನುಷ್ಯನ ಮೈ ಗಂಟೆಗೆ ಅರ್ಧ ಲೀಟರಿನಿಂದ ಒಂದೂವರೆ ಲೀಟರಿನವರೆಗೆ ಬೆವರು ಸುರಿಸಬಲ್ಲದು. ಒಂದು ಲೀಟರ್ ಬೆವರು ಆವಿಯಾದರೆ ಮೈಯಿಂದ ಸುಮಾರು 2,400 ಕಿಲೋಜೂಲ್ ಶಾಖ ಹೊರಬೀಳುತ್ತದೆ. ಬಿಸಿಲಿನಲ್ಲಿ ಮೈಯನ್ನು ಕಾಪಾಡುವುದು ಈ ಆವಿಯೇ. ಆ ಕಾವಲಿಗೆ ಬೇಕಾದ ನೀರು ಒಳಗಿನಿಂದಲೇ ಬರಬೇಕು.

ಗಾಳಿಯ ಬಿಸಿ ಚರ್ಮದ ಬಿಸಿಗಿಂತ, ಅಂದರೆ ಸುಮಾರು 35 ಡಿಗ್ರಿಗಿಂತ ಮೇಲೇರಿದಾಗ ಲೆಕ್ಕ ಇನ್ನೂ ಬಿಗಿಯಾಗುತ್ತದೆ. ಅಲ್ಲಿಯವರೆಗೆ ತಂಪು ಕೊಡುತ್ತಿದ್ದ ಗಾಳಿ ಅಲ್ಲಿಂದಾಚೆಗೆ ಮೈಗೆ ಬಿಸಿ ತುಂಬುತ್ತದೆ. ಗಾಳಿಯಾಡುವ ಜಾಲರಿ ಬಟ್ಟೆಯ ಮೆಶ್ ಜಾಕೆಟ್ ಪೂರ್ತಿ ತೆರೆದುಕೊಂಡು ಓಡಿಸುವುದೇ ಒಳ್ಳೆಯದು ಎಂಬ ನಂಬಿಕೆ ಈ ಹಂತದಲ್ಲಿ ತಿರುಗುಮುರುಗಾಗುತ್ತದೆ. 40 ಡಿಗ್ರಿಯಲ್ಲಿ ಗಾಳಿಕಿಂಡಿಗಳನ್ನು ಸ್ವಲ್ಪವೇ ತೆರೆದಿಟ್ಟು, ಒಳಗಿನ ಅಂಗಿಯನ್ನು ನೀರಲ್ಲಿ ಅದ್ದಿ ಹಾಕಿಕೊಂಡರೆ ಆ ನೀರು ನಿಧಾನವಾಗಿ ಆವಿಯಾಗುತ್ತದೆ, ನಮ್ಮ ಬೆವರು ಅಷ್ಟು ಉಳಿಯುತ್ತದೆ. ಮೈಮೇಲೆ ಸುರಿದುಕೊಂಡ ನೀರೂ ಒಂದು ರೀತಿಯಲ್ಲಿ ಕುಡಿದ ನೀರಿನ ಲೆಕ್ಕಕ್ಕೇ ಸೇರುತ್ತದೆ.

ಹಿಂದಿನ ಸೀಟಿನ ಹವಾಮಾನ ಬೇರೆ. ಮುಂದಿನವರು ಗಾಳಿಗೆ ಗೋಡೆಯಾಗಿ ನಿಂತಿರುವುದರಿಂದ ಹಿಂದೆ ಕೂತವರ ಎದೆ, ಹೊಟ್ಟೆಗೆ ಗಾಳಿ ತಾಗುವುದು ಕಡಿಮೆ. ನಾನು ಓಡಿಸುವಾಗ ಒಣಗಿರುವ ಅಂಗಿ, ಹಿಂದೆ ಕೂತಾಗ ತೊಯ್ದಿರುತ್ತದೆ. ಹೀಗೆ ಆವಿಯಾಗದೆ ಬಟ್ಟೆಯಲ್ಲಿ ಉಳಿದ ಬೆವರು ತಂಪು ಕೊಡುವುದಿಲ್ಲ, ನೀರನ್ನು ಮಾತ್ರ ಕಳೆಯುತ್ತದೆ. ಆದ್ದರಿಂದ 'ಅವರಿಗೇನು, ಸುಮ್ಮನೆ ಕೂತಿದ್ದಾರೆ, ಅಷ್ಟೊಂದು ನೀರು ಬೇಕಾಗದು' ಎನ್ನುವ ಎಣಿಕೆಯನ್ನು ಬಿಡುವುದು ಒಳ್ಳೆಯದು.

ನೀರು ಕಡಿಮೆಯಾದರೆ ಓಡಿಸುವುದಕ್ಕೆ ಏನಾಗುತ್ತದೆ ಎಂಬುದಕ್ಕೆ 2015ರಲ್ಲಿ ಇಂಗ್ಲೆಂಡಿನ ಲಫ್‌ಬರೋ ವಿಶ್ವವಿದ್ಯಾಲಯದಿಂದ ಬಂದ ಒಂದು ಅಧ್ಯಯನ ಇದೆ. ಕಾರ್ ಓಡಿಸುವ ಸಿಮ್ಯುಲೇಟರಿನಲ್ಲಿ ಎರಡು ಗಂಟೆ ಕೂರಿಸಿ ನೋಡಿದಾಗ, ಸರಿಯಾಗಿ ನೀರು ಕುಡಿದ ದಿನ ಒಟ್ಟು 47 ತಪ್ಪುಗಳಾದರೆ, ನೀರು ಕಡಿಮೆ ಕುಡಿದ ದಿನ 101 ಆದವು. ಲೇನ್ ದಾಟುವುದು, ಬ್ರೇಕ್ ಹಾಕಲು ತಡವಾಗುವುದು, ಅಂಥವೇ. ಭಾಗವಹಿಸಿದವರು ಹನ್ನೆರಡರ ಆಸುಪಾಸು, ಅದರಿಂದ ಅದೊಂದನ್ನೇ ವೇದವಾಕ್ಯ ಮಾಡಿಕೊಳ್ಳಬೇಕಿಲ್ಲ. ಆದರೆ ಅವರೆಲ್ಲ ನಾಲ್ಕು ಚಕ್ರದ ಆಟದಲ್ಲಿದ್ದರು ಎನ್ನುವುದನ್ನು ಮರೆಯಬಾರದು. ಎರಡು ಚಕ್ರದ ಮೇಲೆ, ಬೆನ್ನ ಹಿಂದೆ ಇನ್ನೊಂದು ಜೀವ ಇರುವಾಗ, ತಡವಾಗಿ ಹಿಡಿದ ಬ್ರೇಕಿನ ಬೆಲೆ ಬೇರೆ.

ಅಳೆದದ್ದು ಹೇಗೆ

ಬೆಳಿಗ್ಗೆ ಮನೆ ಬಿಟ್ಟು ಸಂಜೆ ಮನೆಗೇ ಮರಳುವ ಪ್ರಯಾಣಗಳಲ್ಲಿ ಹೊರಡುವ ಮುನ್ನ, ಬಂದ ಮೇಲೆ ಇಬ್ಬರೂ ತೂಕ ನೋಡಿಕೊಳ್ಳುತ್ತೇವೆ. ಮೂತ್ರಕ್ಕೆ ಹೋಗಿಬಂದು, ಬೆವರಿನ ಬಟ್ಟೆ ಬಿಚ್ಚಿಟ್ಟು ನೋಡಬೇಕು, ಇಲ್ಲವಾದರೆ ಜಾಕೆಟ್ ಹೀರಿಕೊಂಡ ಬೆವರೂ ತೂಗುತ್ತದೆ. ಒಂದು ಕಿಲೋ ಇಳಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಬಾಕಿ ಎಂದರ್ಥ. ಮೈತೂಕದ ನೂರಕ್ಕೆ ಎರಡರಷ್ಟು ಇಳಿದರೆ ಗಮನ ಮಂಕಾಗುವುದು, ತಲೆನೋವು, ಸಿಡುಕು ಶುರುವಾಗುತ್ತದೆ. 70 ಕಿಲೋ ಇರುವವರಿಗೆ ಅದು 1.4 ಕಿಲೋ ಅಷ್ಟೇ. ನಾವು ನೂರಕ್ಕೆ ಒಂದರೊಳಗೆ ನಿಲ್ಲಿಸುವ ಗುರಿ ಇಟ್ಟುಕೊಂಡೆವು. ಚೀಲಗಳಲ್ಲಿ ಉಳಿದ ನೀರನ್ನೂ ಅಳೆದೆವು. ಚೀಲ ಎಷ್ಟೇ ದೊಡ್ಡದಿರಲಿ, ಅದರಲ್ಲಿ ಉಳಿದು ಮನೆಗೆ ಮರಳಿದ ನೀರಿನಿಂದ ಯಾರಿಗೂ ಉಪಯೋಗವಿಲ್ಲ.

ಬಾಟಲಿ, ನಿಲ್ಲಿಸಿ ಕುಡಿಯುವುದು

ಎಲ್ಲರೂ ಶುರುಮಾಡುವುದು ಇಲ್ಲಿಂದಲೇ. ಖರ್ಚಿಲ್ಲ, ತೊಳೆಯುವುದು ಸುಲಭ, ಎಷ್ಟು ಕುಡಿದೆವು ಎಂಬುದು ಕಣ್ಣಿಗೆ ಕಾಣುತ್ತದೆ. ಇಳಿದು ಕಾಲು ಸಡಿಲಿಸಿಕೊಳ್ಳಬಹುದು, ಇಬ್ಬರೂ ಮುಖ ನೋಡಿ ಮಾತಾಡಬಹುದು. ಇದರ ಲಾಭ ಸಣ್ಣದಲ್ಲ. ಹಿಂದೆ ಕೂತವರ ಮುಖ ಬಾಡಿರುವುದು ಕನ್ನಡಿಯಲ್ಲಿ ಕಾಣುವುದಿಲ್ಲ, ಹೆಲ್ಮೆಟ್ ತೆಗೆದಾಗಲೇ ತಿಳಿಯುವುದು.

ತೊಂದರೆ ಇರುವುದು ನಿಲುಗಡೆಗಳ ನಡುವಿನ ಹೊತ್ತಿನಲ್ಲಿ. ಒಂದೂವರೆ ಗಂಟೆ ಏನೂ ಇಲ್ಲ, ಆಮೇಲೆ ಒಮ್ಮೆಗೇ ಅರ್ಧ ಲೀಟರ್ ಗಟಗಟನೆ. ಹೀಗೆ ಸುರಿದುಕೊಂಡ ನೀರಿನಲ್ಲಿ ಒಂದು ಪಾಲು ಬೇಗನೆ ಮೂತ್ರವಾಗಿ ಹೋಗುತ್ತದೆ, ಮುಂದಿನ ನಿಲುಗಡೆಗೆ ಮೊದಲೇ ಹಿಂದಿನವರು ಸೀಟಿನ ಮೇಲೆ ಚಡಪಡಿಸುತ್ತಾರೆ. ಅದೇ ನೀರನ್ನು ಹತ್ತು ಹದಿನೈದು ನಿಮಿಷಕ್ಕೊಮ್ಮೆ ಎರಡೆರಡು ಗುಟುಕಾಗಿ ಕುಡಿದರೆ ಮೈ ಹೆಚ್ಚು ಉಳಿಸಿಕೊಳ್ಳುತ್ತದೆ.

ಓಡುವ ಬೈಕಿನ ಮೇಲೆ ಹಿಂದಿನವರು ಬಾಟಲಿಯಿಂದ ಕುಡಿಯಬಹುದಲ್ಲ ಎಂದರೆ, ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್ಟಿನ ಗಲ್ಲದ ಪಟ್ಟಿ ಅಡ್ಡ ಬರುತ್ತದೆ. ಬಾಟಲಿ ಎತ್ತಬೇಕಾದರೆ ತಲೆ ಹಿಂದಕ್ಕೆ ವಾಲಿಸಬೇಕು, ಗಾಳಿ ಹೆಲ್ಮೆಟ್ ಹಿಡಿದು ಎಳೆಯುತ್ತದೆ, ಕೈ ಹಿಡಿಕೆ ಬಿಟ್ಟಿರುತ್ತದೆ. ಮುಂಭಾಗ ಮೇಲೆತ್ತುವ ಹೆಲ್ಮೆಟ್ ಇದ್ದರೂ, ತೆರೆದುಕೊಂಡು ಓಡಾಡಲು ಎಲ್ಲವಕ್ಕೂ ಮಾನ್ಯತೆ ಇಲ್ಲ. ಯುರೋಪಿನ ಮಾನದಂಡದಲ್ಲಿ ಪಿ ಮತ್ತು ಜೆ ಎರಡೂ ಗುರುತು ಇದ್ದವು ಮಾತ್ರ ಎರಡೂ ಸ್ಥಿತಿಗೆ ಪರೀಕ್ಷೆಯಾದವು. ಬಾಟಲಿ ನಿಂತಾಗ ಕುಡಿಯುವುದಕ್ಕೇ ಸರಿ. ಬಾಟಲಿಯನ್ನಷ್ಟೇ ನಂಬಿದ ಬಿಸಿಲಿನ ದಿನಗಳಲ್ಲಿ ಇಬ್ಬರ ತೂಕದ ಇಳಿಕೆಯೂ ನೂರಕ್ಕೆ ಒಂದನ್ನು ದಾಟಿತು, ಹಿಂದೆ ಹೆಚ್ಚು ಹೊತ್ತು ಕೂತವರದ್ದು ಇನ್ನೂ ಜಾಸ್ತಿ.

ಸವಾರರ ಬೆನ್ನಿನ ಮೇಲೆ ಚೀಲ

ನಳಿಕೆ ಇರುವ ಈ ನೀರಿನ ಚೀಲ ಹುಟ್ಟಿದ್ದು ಸೈಕಲ್ ಸವಾರನಿಂದ. 1989ರಲ್ಲಿ ಅಮೆರಿಕದ ಟೆಕ್ಸಸ್ಸಿನ ಬಿಸಿಲಲ್ಲಿ ನೂರು ಮೈಲಿಯ ಸೈಕಲ್ ಯಾತ್ರೆಗೆ ಹೊರಟ ಮೈಕಲ್ ಐಡ್ಸನ್, ತುರ್ತು ವೈದ್ಯಕೀಯ ಸೇವೆಯಲ್ಲಿದ್ದವರು, ಆಸ್ಪತ್ರೆಯ ಸಲೈನ್ ಚೀಲಕ್ಕೆ ನೀರು ತುಂಬಿ, ಕಾಲುಚೀಲದೊಳಗೆ ತೂರಿಸಿ, ಅಂಗಿಯ ಬೆನ್ನಿಗೆ ಹೊಲಿದುಕೊಂಡು ನಳಿಕೆಯನ್ನು ಹೆಗಲ ಮೇಲಿಂದ ತಂದುಕೊಂಡರು. ಕ್ಯಾಮಲ್‌ಬ್ಯಾಕ್ ಎಂಬ ಹೆಸರಿನಲ್ಲಿ ಅದೇ ಮಾರುಕಟ್ಟೆಗೆ ಬಂತು. ಒಬ್ಬರೇ ಹೋಗುವಾಗ ಇದಕ್ಕಿಂತ ಸರಳವಾದದ್ದು ಇನ್ನೊಂದಿಲ್ಲ. ಆದರೆ ಸೈಕಲ್ ಸವಾರನ ಬೆನ್ನಿಗೆ ಒರಗಿ ಯಾರೂ ಕೂರುವುದಿಲ್ಲ.

ಮೂರು ಲೀಟರ್ ತುಂಬಿದ ಚೀಲವನ್ನು ಓಡಿಸುವವರು ಹೊತ್ತರೆ ಇಬ್ಬರ ನಡುವೆ ದಪ್ಪ ದಿಂಬು ಬಂದಂತಾಗುತ್ತದೆ. ಹಿಂದಿನವರು ಹಿಂದಕ್ಕೆ ಜರುಗಬೇಕು, ಅವರ ಭಾರ ಹಿಂಚಕ್ರದ ಆಚೆಗೆ ಹೋಗುತ್ತದೆ, ಸೊಂಟ ಹಿಡಿಯುವ ಕೈ ಎಟುಕುವುದಿಲ್ಲ. ಬ್ರೇಕ್ ಹಾಕಿದಾಗಲೆಲ್ಲ ಹಿಂದಿನವರ ಎದೆ ಚೀಲಕ್ಕೆ ಒತ್ತಿ, ನಳಿಕೆಯ ತುದಿಯಲ್ಲಿ ಕಚ್ಚಿ ಹೀರುವ ವಾಲ್ವ್ ಸ್ವಲ್ಪ ಸಡಿಲವಿದ್ದರೂ ಓಡಿಸುವವರ ಕತ್ತಿಗೆ ನೀರು ತೊಟ್ಟಿಕ್ಕುತ್ತದೆ. ಜಾಕೆಟ್ಟಿನ ಬೆನ್ನಿನ ಗಾಳಿಕಿಂಡಿ ಮುಚ್ಚಿಹೋಗಿ ಇಬ್ಬರಿಗೂ ಸೆಕೆ ಹೆಚ್ಚಾಗುತ್ತದೆ, ಎರಡು ಮೈಗಳ ಬಿಸಿಗೆ ನೀರೂ ಬೆಚ್ಚಗಾಗುತ್ತದೆ. ಇಷ್ಟೆಲ್ಲ ಸಹಿಸಿದ ಮೇಲೂ ಹಿಂದಿನವರಿಗೆ ಒಂದು ಗುಟುಕೂ ಸಿಗುವುದಿಲ್ಲ. ಇಬ್ಬರ ಪ್ರಯಾಣಕ್ಕೆ ನಾನು ಇದನ್ನು ಖಡಾಖಂಡಿತವಾಗಿ ಬೇಡ ಎನ್ನುತ್ತೇನೆ.

ಹಿಂದಿನವರ ಬೆನ್ನಿನ ಮೇಲೆ, ಇಬ್ಬರಿಗೂ ನಳಿಕೆ

ಹಾಗಾದರೆ ಚೀಲವನ್ನು ಹಿಂದಿನವರೇ ಹೊತ್ತು, ಒಂದು ನಳಿಕೆ ತಮಗೆ, ಕವಲೊಡೆದ ಇನ್ನೊಂದು ಮುಂದಿನವರಿಗೆ ಕೊಟ್ಟರೆ? ಕೇಳಲು ಚೆನ್ನಾಗಿದೆ. ಬಳಸಿದಾಗ ಇದು ಹಿಂದಿನವರನ್ನು ನೀರು ಹೊರುವವರನ್ನಾಗಿ ಮಾಡುತ್ತದೆ. ಮೂರು ಕಿಲೋ ನೀರು, ಅದರ ಮೇಲೆ ಗಾಳಿಯ ಎಳೆತ, ಪ್ರತಿ ಸಲ ವೇಗ ಹೆಚ್ಚಿಸಿದಾಗಲೂ ಹೆಗಲು ಹಿಂದಕ್ಕೆ ಜಗ್ಗುತ್ತದೆ. ಬೆನ್ನ ಹಿಂದೆ ಟಾಪ್ ಬಾಕ್ಸ್, ಅಂದರೆ ಸೀಟಿನ ಹಿಂದೆ ಕೂರಿಸುವ ಸಾಮಾನು ಪೆಟ್ಟಿಗೆ, ಇದ್ದರೆ ಚೀಲ ಅದಕ್ಕೆ ತಾಗಿ, ಕೂತವರನ್ನೇ ಮುಂದಕ್ಕೆ ದೂಡುತ್ತದೆ.

ಮುಂದಿನವರಿಗೆ ನಳಿಕೆ ತಲುಪಿಸುವುದು ನನಗೆ ಹಿಡಿಸಲೇ ಇಲ್ಲ. ಹಿಂದಿನಿಂದ ಬಂದ ಕೈ ಹೆಲ್ಮೆಟ್ಟಿನ ಕೆಳಗೆ ತಡಕಾಡುವಾಗ ಓಡಿಸುವವರ ಕಣ್ಣು ರಸ್ತೆಯಿಂದ ಕದಲುತ್ತದೆ. ನಳಿಕೆಯನ್ನು ಖಾಯಮ್ಮಾಗಿ ಓಡಿಸುವವರ ಜಾಕೆಟ್ಟಿಗೆ ಸಿಕ್ಕಿಸಿಟ್ಟರೆ ಇಬ್ಬರೂ ಒಂದೇ ಹಗ್ಗಕ್ಕೆ ಕಟ್ಟಿದಂತೆ, ಇಳಿಯುವಾಗ ಮರೆತರೆ ಎಳೆದುಕೊಂಡು ಬರುತ್ತದೆ. ಎಳೆದರೆ ಬಿಟ್ಟುಕೊಳ್ಳುವ ಜೋಡಣೆ ಇಲ್ಲದೆ ಇದನ್ನು ಯಾರೂ ಮಾಡಬಾರದು. ಒಂದು ಒಳ್ಳೆಯ ಪಾಠ ಮಾತ್ರ ಸಿಕ್ಕಿತು: ಈ ವ್ಯವಸ್ಥೆಯಲ್ಲಿ ಹಿಂದೆ ಕೂತವರು ಚೆನ್ನಾಗಿ ನೀರು ಕುಡಿದರು. ನಳಿಕೆ ಬಾಯಿಯ ಪಕ್ಕದಲ್ಲೇ ಇದ್ದರೆ ಕುಡಿಯುವುದು ತಾನಾಗಿ ನಡೆಯುತ್ತದೆ.

ಟ್ಯಾಂಕ್ ಬ್ಯಾಗಿನಲ್ಲಿ ಚೀಲ

ಓಡಿಸುವವರ ಮಟ್ಟಿಗೆ ಇದೇ ಸರಿಯಾದ ಜಾಗ. ಭಾರವನ್ನು ಬೈಕು ಹೊರುತ್ತದೆ, ಇಬ್ಬರ ನಡುವೆ ಏನೂ ಇಲ್ಲ, ಎರಡು ಲೀಟರ್ ಸಲೀಸಾಗಿ ಹಿಡಿಯುತ್ತದೆ. ನಳಿಕೆ ಎದೆಯ ಹತ್ತಿರ ಕ್ಲಿಪ್ಪಿನಲ್ಲಿ ನಿಲ್ಲುತ್ತದೆ, ಕುಡಿದು ಬಿಟ್ಟರೆ ಆಯಸ್ಕಾಂತಕ್ಕೆ ತಾನೇ ಹೋಗಿ ಅಂಟಿಕೊಳ್ಳುವಂಥವೂ ಇವೆ. ಕ್ಲಚ್ಚಿನ ಕೈಯನ್ನು ಕ್ಷಣ ಬಿಟ್ಟರೆ ಸಾಕು. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ನಳಿಕೆ ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ ಎಂದು ನಿಂತಲ್ಲೇ ನೋಡಿಕೊಳ್ಳಬೇಕು.

ಕೆಳಗಿನಿಂದ ಟ್ಯಾಂಕು ನೀರನ್ನು ಕಾಯಿಸುತ್ತದೆ, ಮೇಲಿನಿಂದ ಬಿಸಿಲು. ಚೀಲದ ಅಡಿಗೆ ಮಲಗುವ ಮ್ಯಾಟಿನ ಫೋಮ್ ತುಂಡು ಹಾಸಿ, ಮೇಲೆ ತಿಳಿಬಣ್ಣದ ಬಟ್ಟೆ ಹೊದಿಸಿದ ಮೇಲೆ ಮಂಜುಗಡ್ಡೆ ಬಹಳ ಹೊತ್ತು ನಿಂತಿತು. ನಳಿಕೆಯಲ್ಲಿ ನಿಂತ ನೀರಿನದ್ದು ಬೇರೆ ಕಥೆ. ಆರು ಮಿಲಿಮೀಟರ್ ಒಳಗಲದ ನಳಿಕೆಯಲ್ಲಿ ಮೀಟರಿಗೆ ಸುಮಾರು 28 ಮಿಲಿಲೀಟರ್ ನೀರು ನಿಲ್ಲುತ್ತದೆ, ಅಂದರೆ ಒಂದು ದೊಡ್ಡ ಗುಟುಕು. ಬಿಸಿಲಿನಲ್ಲಿ ಆ ಮೊದಲ ಗುಟುಕು ಬಿಸಿನೀರೇ. ಕುಡಿದಾದ ಮೇಲೆ ನಳಿಕೆಗೆ ಮೆಲ್ಲಗೆ ಊದಿ ನೀರನ್ನು ಚೀಲಕ್ಕೇ ಹಿಂದಿರುಗಿಸಿದರೆ ಈ ಕಾಟ ತಪ್ಪುತ್ತದೆ. ತಂಪು ನೀರನ್ನು ಜನ ಹೆಚ್ಚು ಕುಡಿಯುತ್ತಾರೆ, ಬೆಚ್ಚಗಿನದನ್ನು ಮುಂದೂಡುತ್ತಾರೆ. ಹಾಗಾಗಿ ಇದು ನಾಲಿಗೆಯ ಚಪಲದ ವಿಷಯವಲ್ಲ.

ಇದೇ ಚೀಲದಿಂದ ಹಿಂದಿನವರಿಗೂ ಉದ್ದ ನಳಿಕೆ ಎಳೆದು ನೋಡಿದೆವು. ಎರಡು ಮೀಟರ್ ನಳಿಕೆ, ಚೀಲ ಬಾಯಿಗಿಂತ ಎಷ್ಟೋ ಕೆಳಗೆ, ಹೀರಿ ಹೀರಿ ಕೆನ್ನೆ ನೋವು. ಎರಡು ಗುಟುಕು ಬಿಸಿನೀರು ದಾಟಿದ ಮೇಲೆ ತಂಪು. ಊದಿ ಹಿಂದಿರುಗಿಸುವುದೂ ಕಷ್ಟ. ಅದು ಅಲ್ಲಿಗೇ ಮುಗಿಯಿತು.

ದೊಡ್ಡ ಜಗ್

24 ಗಂಟೆಯಲ್ಲಿ ಸಾವಿರ ಮೈಲಿ, ಅಂದರೆ ಸುಮಾರು 1,610 ಕಿಲೋಮೀಟರ್ ಓಡಿಸುವ ಐರನ್ ಬಟ್ ಸವಾರರಲ್ಲಿ ಬಿಸಿ ತಡೆಯುವ ನಾಲ್ಕು ಲೀಟರಿನ ಜಗ್ಗನ್ನು ಹಿಂದಿನ ಸೀಟು ಅಥವಾ ಹಿಂದಿನವರು ಕಾಲಿಡುವ ಫುಟ್‌ಪೆಗ್ಗಿನ ಬಳಿ ಕಟ್ಟಿ, ನಳಿಕೆ ಎಳೆದುಕೊಳ್ಳುವ ರೂಢಿ ಇದೆ. ಒಂಟಿ ದೂರಯಾನಕ್ಕೆ ಇದನ್ನು ಮೀರಿಸುವುದು ಕಷ್ಟ. ಇಬ್ಬರಿದ್ದರೆ ಆ ಜಾಗದಲ್ಲಿ ಮನುಷ್ಯರೇ ಇದ್ದಾರೆ. ಟಾಪ್ ಬಾಕ್ಸಿನಲ್ಲಿಟ್ಟರೆ ಐದಾರು ಕಿಲೋ ಭಾರ ಹಿಂಚಕ್ರದ ಅಚ್ಚಿನ ಹಿಂದೆ, ಎತ್ತರದಲ್ಲಿ ಕೂರುತ್ತದೆ. ತಯಾರಕರು ಪೆಟ್ಟಿಗೆಗೆ ಬರೆದ ಮಿತಿ ಅಲ್ಲಿಗೇ ಮುಗಿಯಬಹುದು, ಮುಂಚಕ್ರ ಹಗುರಾಗುತ್ತದೆ.

ಇಬ್ಬರಿಗೂ ಬೇರೆಬೇರೆ

ಈಗ ನಾವು ಬಳಸುವುದು ಇದು. ಟ್ಯಾಂಕ್ ಬ್ಯಾಗಿನಲ್ಲಿ ಎರಡು ಲೀಟರಿನ ಚೀಲ, ಓಡಿಸುವವರಿಗೆ. ಹಿಂದಿನವರ ಬೆನ್ನಿಗೆ ಒಂದೂವರೆ ಲೀಟರಿನ ತೆಳುವಾದ ಚೀಲ, ಟಾಪ್ ಬಾಕ್ಸಿನ ಒರಗುದಿಂಬಿಗೂ ಬೆನ್ನಿಗೂ ನಡುವೆ ಚಪ್ಪಟೆಯಾಗಿ ಕೂರುವಂಥದ್ದು. ಎದೆಯ ಅಡ್ಡಪಟ್ಟಿ ಬಿಗಿದರೆ ಭಾರ ಗೊತ್ತಾಗುವುದಿಲ್ಲ. ಚೀಲದಲ್ಲಿ ಗಟ್ಟಿ ಸಾಮಾನು ಯಾವುದೂ ಇರಬಾರದು, ಬಿದ್ದರೆ ಬೆನ್ನುಮೂಳೆಗೆ ತಾಗುತ್ತದೆ. ಪೆಟ್ಟಿಗೆಯಲ್ಲಿ ಎರಡು ಪದರದ ಸ್ಟೀಲ್ ಫ್ಲಾಸ್ಕು, ಒಂದು ಲೀಟರ್, ಮಂಜುಗಡ್ಡೆ ಸಮೇತ, ನಿಂತಾಗ ಇಬ್ಬರೂ ಹಂಚಿಕೊಳ್ಳಲು. ಸೀಟು ಬದಲಿಸಿದಾಗ ನಳಿಕೆಯ ತುದಿಯ ಬೈಟ್ ವಾಲ್ವ್ ಮಾತ್ರ ಕಳಚಿ ಅವರವರದ್ದನ್ನು ಹಾಕಿಕೊಳ್ಳುತ್ತೇವೆ.

ಈ ಏರ್ಪಾಟಿನಲ್ಲಿ ಬಿಸಿಲಿನ ದಿನವೂ ಇಬ್ಬರ ತೂಕದ ಇಳಿಕೆ ನೂರಕ್ಕೆ ಒಂದರೊಳಗೇ ನಿಲ್ಲುತ್ತಿದೆ. ನೀರನ್ನು ತಂಪಾಗಿಡುವುದರಲ್ಲಿ ಟ್ಯಾಂಕ್ ಬ್ಯಾಗು ಮುಂದು, ಬೆನ್ನಿನ ಚೀಲ ಹಿಂದು. ಅದಕ್ಕೆ ಬೆನ್ನಿನ ಚೀಲಕ್ಕೆ ರಾತ್ರಿಯೇ ಅರ್ಧ ನೀರು ತುಂಬಿ ಫ್ರೀಜರಿನಲ್ಲಿ ಅಡ್ಡಡ್ಡ ಮಲಗಿಸಿಟ್ಟು, ಬೆಳಿಗ್ಗೆ ಉಳಿದರ್ಧ ತುಂಬುತ್ತೇವೆ.

ಆದರೆ ಸಾಮಾನು ಎಷ್ಟೇ ಚೆನ್ನಾಗಿದ್ದರೂ ಹಿಂದೆ ಕೂತವರು ಬೇಕೆಂದೇ ಕುಡಿಯದೆ ಇರಬಹುದು. ಇದನ್ನು ಹಿಂದಿನ ಸೀಟಿನಲ್ಲಿ ಕೂತವಳಾಗಿ ಹೇಳುತ್ತಿದ್ದೇನೆ. ಕುಡಿದರೆ ಮೂತ್ರಕ್ಕೆ ಹೋಗಬೇಕು, ಹೋಗಬೇಕೆಂದರೆ ನಿಲ್ಲಿಸಲು ಕೇಳಬೇಕು, ಚೆನ್ನಾಗಿ ಓಡುತ್ತಿರುವ ಬೈಕನ್ನು ನನಗಾಗಿ ನಿಲ್ಲಿಸಬೇಕೇ ಎಂಬ ಸಂಕೋಚ. ಹೆಂಗಸರಿಗೆ ಜಾಗ ಸಿಗುತ್ತದೆಯೋ ಇಲ್ಲವೋ ಎಂಬ ಚಿಂತೆ ಬೇರೆ. ಕೈಗವಸು, ಜಾಕೆಟ್, ಮೊಣಕಾಲು ಕವಚ ಎಲ್ಲ ಬಿಚ್ಚಿ ಮತ್ತೆ ತೊಡುವ ರಗಳೆ. ಇಷ್ಟೆಲ್ಲ ಯೋಚಿಸಿ ಬಾಯೊಣಗಿದರೂ ಸುಮ್ಮನಿರುವವರು ಬಹಳ. 'ನೀರು ಕುಡಿದ್ಯೇನೇ?' ಎಂದು ಇವರು ಇಂಟರ್‌ಕಾಮಿನಲ್ಲಿ ಕೇಳಿದರೆ 'ಹೂಂ, ಕುಡಿದೆ ರೀ' ಎಂದುಬಿಡುವುದು ಸುಲಭ.

ಇದಕ್ಕೆ ನಮಗೆ ಫಲ ಕೊಟ್ಟ ಮದ್ದು ಒಂದೇ: ಗಂಟೆಗೊಮ್ಮೆ, ತಡವೆಂದರೆ ಒಂದೂವರೆ ಗಂಟೆಗೆ, ಯಾರೂ ಕೇಳದಿದ್ದರೂ ನಿಲ್ಲಿಸುವುದು. ಶೌಚಾಲಯ ಇರುವ ಜಾಗಗಳನ್ನು ಹೊರಡುವ ಮೊದಲೇ ನಕ್ಷೆಯಲ್ಲಿ ಗುರುತಿಸಿಟ್ಟಿರುತ್ತೇವೆ. ನಿಲ್ಲುವುದು ಖಚಿತ ಎಂದು ಗೊತ್ತಾದರೆ ಹಿಂದಿನವರು ಧೈರ್ಯವಾಗಿ ಕುಡಿಯುತ್ತಾರೆ. ಅದೇ ಚೀಲ, ಅದೇ ನೀರು, ನಿಲುಗಡೆಯ ಭರವಸೆ ಇದ್ದ ದಿನ ಮುಗಿಯುತ್ತದೆ, ಇಲ್ಲದ ದಿನ ಅರ್ಧ ಉಳಿಯುತ್ತದೆ. ನಾನು ನೋಡಿದ ವ್ಯತ್ಯಾಸಗಳಲ್ಲಿ ದೊಡ್ಡದು ಇದೇ.

ಚಳಿಯಲ್ಲೂ ಇದನ್ನು ಬಿಡಬಾರದು. ಚಳಿಗೆ ಬಾಯಾರಿಕೆ ಅಡಗುತ್ತದೆ, ಮೂತ್ರ ಹೆಚ್ಚಾಗುತ್ತದೆ. ಕುಡಿಯುವುದು ಕಡಿಮೆ, ಹೋಗುವುದು ಜಾಸ್ತಿ.

ಒಳಗೆ ತುಂಬುವುದೇನು

ಹೋಲಿಕೆಗೆ ಇಟ್ಟುಕೊಂಡದ್ದು ಬರೀ ನೀರು, ಓಆರ್‌ಎಸ್, ಸಿಹಿಯಾದ ಸ್ಪೋರ್ಟ್ಸ್ ಡ್ರಿಂಕ್, ಮತ್ತೆ ಕಾಫಿ, ಟೀ.

ತಂಪು ಹವೆಯಲ್ಲಿ, ಹೊತ್ತು ಹೊತ್ತಿಗೆ ಊಟ ತಿಂಡಿ ಮಾಡುವವರಿಗೆ ಬರೀ ನೀರು ಸಾಕು. ಉಪ್ಪು ಊಟದಿಂದಲೇ ಬರುತ್ತದೆ. ಇಡೀ ದಿನ ಬೆವರು ಹರಿಯುವಾಗ ಬರೀ ನೀರನ್ನೇ ಅತಿಯಾಗಿ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ರಕ್ತ ಪರೀಕ್ಷೆಗೆ ಒಳಗಾದ 488 ಓಟಗಾರರಲ್ಲಿ ನೂರಕ್ಕೆ 13 ಮಂದಿಗೆ ಹೀಗಾಗಿತ್ತು. ದಾರಿಯುದ್ದಕ್ಕೂ ಅತಿಯಾಗಿ ಕುಡಿದು ಓಟದ ಕೊನೆಗೆ ತೂಕ ಹೆಚ್ಚಿದವರಲ್ಲಿ ಅದು ಜಾಸ್ತಿ ಕಂಡಿತು. ಮೂತ್ರಪಿಂಡಗಳು ಗಂಟೆಗೆ ಹೆಚ್ಚೆಂದರೆ ಸುಮಾರು ಒಂದು ಲೀಟರ್ ಹೊರಹಾಕಬಲ್ಲವು. ಪ್ರಯಾಣ ಮುಗಿದಾಗ ತೂಕ ಏರಿದ್ದರೆ ಅದು ಹೆಮ್ಮೆಪಡುವ ವಿಷಯವಲ್ಲ.

ಓಆರ್‌ಎಸ್ ಇರುವುದು ಭೇದಿಯಾದವರಿಗಾಗಿ. ವಿಶ್ವ ಆರೋಗ್ಯ ಸಂಸ್ಥೆಯ ಈಗಿನ ಸೂತ್ರದಂತೆ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್. ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಹೋಗುತ್ತವೆ, ನೀರು ಅವುಗಳ ಬೆನ್ನುಹತ್ತುತ್ತದೆ. ಲೀಟರಿಗೆ 75 ಮಿಲಿಮೋಲ್ ಸೋಡಿಯಂ ಎಂದರೆ ಹೆಚ್ಚಿನವರ ಬೆವರಿಗಿಂತ ಉಪ್ಪೇ. ಅದಕ್ಕೆ ಬಿಸಿಲಿನ ದಿನ ನಮ್ಮ ಹಂಚಿಕೆ ಹೀಗಿದೆ: ನಳಿಕೆಯಲ್ಲಿ ನೀರು, ಫ್ಲಾಸ್ಕಿನಲ್ಲಿ ಓಆರ್‌ಎಸ್. ದಾರಿಯಲ್ಲಿ ನೀರು ಗುಟುಕರಿಸಿ, ನಿಂತಾಗ ತಲಾ ಒಂದು ಲೋಟ ಓಆರ್‌ಎಸ್. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟು ನೀರಿಗೇ ಬೆರೆಸಬೇಕು, ಕಡಿಮೆ ನೀರಿಗೆ ಹಾಕಿ ಗಟ್ಟಿಮಾಡಬಾರದು. ರಕ್ತದೊತ್ತಡ, ಹೃದಯ, ಮೂತ್ರಪಿಂಡದ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇರುವವರು ತಮ್ಮ ವೈದ್ಯರನ್ನು ಕೇಳಿಯೇ ಇದಕ್ಕೆ ಕೈಹಾಕಬೇಕು.

ಸ್ಪೋರ್ಟ್ಸ್ ಡ್ರಿಂಕಿನಲ್ಲಿ ಸಕ್ಕರೆ ಸಾಮಾನ್ಯವಾಗಿ ನೂರಕ್ಕೆ ಆರೇಳರಷ್ಟು, ಸೋಡಿಯಂ ಓಆರ್‌ಎಸ್‌ಗಿಂತ ಬಹಳ ಕಡಿಮೆ. ಓಡುವವರಿಗೆ ಆ ಸಕ್ಕರೆ ಇಂಧನ. ಕೂತೇ ಇರುವ ನಮಗೆ ಅಷ್ಟು ಬೇಕಿಲ್ಲ, ಬಾಯಿ ಅಂಟಂಟಾಗಿ ಮತ್ತೆ ನೀರೇ ಬೇಕೆನಿಸುತ್ತದೆ. ರುಚಿಯ ಕಾರಣಕ್ಕೆ ನೀರು ಸೇರದವರು ಇದನ್ನು ಕುಡಿಯುತ್ತಾರೆಂದರೆ ಕುಡಿಯಲಿ, ಕುಡಿಯದೆ ಇರುವುದಕ್ಕಿಂತ ಮೇಲು.

ಕಾಫಿ, ಟೀ ಮೈಯ ನೀರನ್ನೆಲ್ಲ ಹೊರಹಾಕುತ್ತವೆ ಎಂಬ ಮಾತು ಅತಿಯಾಯಿತು. ರೂಢಿ ಇರುವವರು ಹಿತಮಿತವಾಗಿ ಕುಡಿದರೆ ಅದೂ ನೀರಿನ ಲೆಕ್ಕಕ್ಕೇ. ಮೂತ್ರದ ಅವಸರ ಸ್ವಲ್ಪ ಬೇಗ ಬರುತ್ತದೆ, ಮುಂದಿನ ನಿಲುಗಡೆಯನ್ನು ಹತ್ತಿರ ಇಟ್ಟುಕೊಂಡರಾಯಿತು.

ನಳಿಕೆಗೆ ಮಾತ್ರ ನೀರಿನ ಹೊರತು ಏನನ್ನೂ ತುಂಬಬೇಡಿ. ಸಿಹಿ ಸೇರಿದರೆ ನಳಿಕೆಯ ಒಳಮೈಗೆ ಲೋಳೆ ಕಟ್ಟುತ್ತದೆ, ಕಪ್ಪು ಬೂಷ್ಟು ಬೆಳೆಯುತ್ತದೆ. ಕೊಳ್ಳುವಾಗ ಕೈ ಒಳಹೋಗುವಷ್ಟು ಅಗಲ ಬಾಯಿಯ ಚೀಲ, ನೀರು ನಿಲ್ಲಿಸುವ ಬಿರಡೆ ಇರುವ ವಾಲ್ವ್, ಕಳಚಬಹುದಾದ ನಳಿಕೆ, ಈ ಮೂರನ್ನು ನೋಡಿ. ಪ್ರಯಾಣ ಮುಗಿದ ದಿನವೇ ಅಡುಗೆ ಸೋಡಾ ಬೆರೆಸಿದ ಬೆಚ್ಚನೆ ನೀರಿನಲ್ಲಿ ತೊಳೆದು, ತಲೆಕೆಳಗಾಗಿ ತೂಗುಹಾಕಿ, ಪೂರ್ತಿ ಒಣಗಿಸಿ. ಒಣಗಿಸಲು ಪುರುಸೊತ್ತಿಲ್ಲದಿದ್ದರೆ ಖಾಲಿ ಚೀಲವನ್ನು ಫ್ರೀಜರಿನಲ್ಲಿಡಿ, ಬೂಷ್ಟು ಬೆಳೆಯುವುದಿಲ್ಲ.

ನಿಲ್ಲಲೇಬೇಕಾದ ಗುರುತುಗಳು

ಹಿಂದಿನವರ ಹೆಲ್ಮೆಟ್ ಮತ್ತೆ ಮತ್ತೆ ನಿಮ್ಮ ಹೆಲ್ಮೆಟ್ಟಿಗೆ ಬಡಿಯುತ್ತಿದ್ದರೆ ಅವರು ತೂಕಡಿಸುತ್ತಿದ್ದಾರೆ. ಇಂಟರ್‌ಕಾಮಿನಲ್ಲಿ ಉತ್ತರ ಚುಟುಕಾಗುತ್ತಾ ಹೋಗುವುದು, ತಿರುವಿನಲ್ಲಿ ಜೊತೆಗೆ ವಾಲದಿರುವುದು, ತೊಡೆಯ ಹಿಡಿತ ಸಡಿಲವಾಗುವುದು ಇವೂ ಅದೇ ಸೂಚನೆ. ತಲೆಸುತ್ತು, ವಾಕರಿಕೆ, ಸ್ನಾಯು ಸೆಳೆತ ಕಂಡರೆ ನೆರಳಿಗೆ ಕರೆದೊಯ್ದು, ಜಾಕೆಟ್ ಬಿಚ್ಚಿಸಿ, ಮೈ ಒದ್ದೆ ಮಾಡಿ, ನಿಧಾನವಾಗಿ ಓಆರ್‌ಎಸ್ ಕುಡಿಸಿ. ಮಾತು ತೊದಲಿದರೆ, ಗೊಂದಲಕ್ಕೊಳಗಾದರೆ, ಪ್ರಜ್ಞೆ ಮಬ್ಬಾದರೆ ಅದು ಶಾಖಾಘಾತ. ಮೈಯೊಳಗಿನ ಬಿಸಿ 40 ಡಿಗ್ರಿ ದಾಟಿರಬಹುದು. ತುರ್ತು ನೆರವಿಗೆ ಕರೆ ಮಾಡಿ, ಅದು ಬರುವವರೆಗೆ ಇರುವ ನೀರನ್ನೆಲ್ಲ ಮೈಮೇಲೆ ಸುರಿದು ಗಾಳಿ ಬೀಸುತ್ತಿರಿ. ಪೂರ್ತಿ ಎಚ್ಚರವಿಲ್ಲದವರ ಬಾಯಿಗೆ ನೀರು ಹಾಕಬೇಡಿ.

ಹೊರಡುವ ಮೊದಲು, ಮುಗಿದ ಮೇಲೆ

ಹೊರಡುವ ನಾಲ್ಕು ಗಂಟೆ ಮೊದಲು ಕಿಲೋ ತೂಕಕ್ಕೆ 5ರಿಂದ 7 ಮಿಲಿಲೀಟರ್ ಲೆಕ್ಕದಲ್ಲಿ ಕುಡಿದರೆ, 70 ಕಿಲೋ ಇರುವವರಿಗೆ ಅದು 350ರಿಂದ 490 ಮಿಲಿಲೀಟರ್. ಹೆಚ್ಚಾದದ್ದು ಮನೆಯಲ್ಲೇ ಹೊರಹೋಗಿರುತ್ತದೆ. ಮೂತ್ರ ತಿಳಿ ಹುಲ್ಲಿನ ಬಣ್ಣದ್ದಾಗಿದ್ದರೆ ಸರಿ. ಬಿ ವಿಟಮಿನ್ ಮಾತ್ರೆ ನುಂಗುವವರಿಗೆ ಈ ಗುರುತು ನಡೆಯುವುದಿಲ್ಲ, ಅದು ಹೇಗಿದ್ದರೂ ಗಾಢ ಹಳದಿ. ಸಂಜೆ ತೂಕ ನೋಡಿ, ಇಳಿದ ಪ್ರತಿ ಕಿಲೋಗೆ ಒಂದೂ ಕಾಲರಿಂದ ಒಂದೂವರೆ ಲೀಟರ್ ನೀರನ್ನು ಮಲಗುವವರೆಗೆ ಸ್ವಲ್ಪ ಸ್ವಲ್ಪವಾಗಿ, ಉಪ್ಪಿರುವ ಊಟದ ಜೊತೆ ಕುಡಿಯಿರಿ. ಮರುದಿನವೂ ಬೈಕ್ ಹತ್ತುವುದಿದ್ದರೆ ಬೆಳಿಗ್ಗೆ ಮತ್ತೊಮ್ಮೆ ಇಬ್ಬರೂ ತೂಕ ನೋಡಿಕೊಳ್ಳಿ. ಹಿಂದಿನ ಬೆಳಗಿನ ತೂಕಕ್ಕೆ ಯಾರು ಇನ್ನೂ ಮರಳಿಲ್ಲವೋ ಅವರಿಗೆ ಅಂದು ಮೊದಲ ನಿಲುಗಡೆ ಬೇಗ ಬರಬೇಕು, ಮತ್ತು ಅವರು ಹಿಂದೆ ಕೂತಿದ್ದರೆ ಇನ್ನೂ ಬೇಗ.